ಒಂದೂವರೆ ಗೆರೆ

ಡಿಸೆಂಬರ್ 18, ಸೋಮವಾರ. ಬೆಳಿಗ್ಗೆ

ಹಂಡೆಗೆ ಉರಿ ಹಾಕಿ ಬಂದು ಕೂತಿದ್ದೇನೆ. ನೀರು ಕಾಯಬೇಕು. ಮತ್ತೆ ಕೆಮ್ಮು. ದೊಡ್ಡದೇನಲ್ಲ, ಗಂಟಲಲ್ಲಿ ರಾಗಿ ಹೊಟ್ಟು ಸಿಕ್ಕಿಕೊಂಡ ಹಾಗೆ ಒಂದು ಕೆರೆತ. ಕಾರ್ತಿಕದಲ್ಲಿ ಹುಣಸೂರಿನ ಮದುವೆಗೆ ಹೋಗಿ ಬಂದಮೇಲೆ ಜ್ವರ ಬಂದಿತ್ತು. ಜ್ವರ ಹೋಯಿತು. ಇದು ಹೋಗಿಲ್ಲ.

ಇಷ್ಟು ದಿನ ನನ್ನ ಕೆಮ್ಮು ಯಾರಿಗೂ ಬೇಕಾಗಿರಲಿಲ್ಲ. ನಿನ್ನೆ ಮಾನಸ ಕೂಸನ್ನು ಕರೆದುಕೊಂಡು ಮನೆಗೆ ಬಂದಳು. ಮಗಳ ಮೊದಲ ಬಾಣಂತನ, ತವರಲ್ಲೇ ಆಗಬೇಕು. ಎಂಟು ತಿಂಗಳಿಗೇ ಹುಟ್ಟಿದ ಹೆಣ್ಣುಕೂಸು. ಮಡಿಕೇರಿ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಎತ್ತಿಕೊಂಡರೆ ಕೈಯಲ್ಲಿ ಏನೂ ಇಲ್ಲದ ಹಾಗೆ. ಅತ್ತರೆ ಬೆಕ್ಕಿನ ಮರಿ ಸದ್ದು. ಪಕ್ಕದ ಕೋಣೆಗೂ ಕೇಳಿಸುವುದಿಲ್ಲ.

ಕಳಿಸುವಾಗ ಡಾಕ್ಟರಮ್ಮ ನನ್ನನ್ನೇ ನೋಡಿ ಹೇಳಿದರು. "ಅಜ್ಜಿ, ಶೀತ ಕೆಮ್ಮು ಇರೋರು ಯಾರೂ ಹತ್ರ ಬರಬಾರದು. ಇದರ ಎದೆ ಇನ್ನೂ ಬಲಿತಿಲ್ಲ. ಗಟ್ಟಿಯಾಗಿ ಅತ್ತು ಹಾಲು ಕೇಳೋವರೆಗೂ ಹುಷಾರು."

ಹೇಳೋಣ ಅಂತ ಬಾಯಿ ತೆರೆದೆ. ಕೆಮ್ಮು ಬಂತು. ನುಂಗಿಕೊಂಡೆ.

ಈಗ ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕಬೇಕಾದವಳು ನಾನೇ. ಬಾಯಿಗೆ ಸೆರಗು ಕಟ್ಟಿಕೊಂಡು ಹೋದರೆ ಮಾನಸ ನಗುತ್ತಾಳೆ. "ಏನಮ್ಮ ಇದು, ಮನೆ ನುಗ್ಗೋಕೆ ಬಂದೋಳ ಥರ." ಯಜಮಾನರು ಜಗಲಿಯಿಂದಲೇ, "ಬೆಲ್ಲದ ಕಾಫಿಗೆ ಕರಿಮೆಣಸು ಹಾಕ್ಕೊಂಡು ಕುಡಿ, ಹೋಗುತ್ತೆ" ಅಂದರು. ಇವರಿಗೆ ಎಲ್ಲದಕ್ಕೂ ಕರಿಮೆಣಸು.

ಟಿವಿಯಲ್ಲಿ ಬೇರೆ, ಕೇರಳದಲ್ಲಿ ಮತ್ತೆ ಕೊರೊನಾ ಅಂತ. ನೀರು ಹಾಕಲಾರೆ. ಆಸ್ಪತ್ರೆಗೆ ಹೋಗಿ ಬರುತ್ತೇನೆ.

ಅದೇ ದಿನ, ಸಂಜೆ

ಕುಶಾಲನಗರದ ಆಸ್ಪತ್ರೆಯಲ್ಲಿ ಶೋಭಿತಾ ಅಂತ ನರ್ಸ್ ಹುಡುಗಿ. ನೆಲ್ಯಹುದಿಕೇರಿಯವಳು, ಮಾತು ಮೃದು, ಕೈ ಮಾತ್ರ ಒರಟು. ಮೂಗಿನೊಳಗೆ ಕಡ್ಡಿ ಹಾಕಿದಳು ನೋಡು, ಕಣ್ಣಲ್ಲಿ ನೀರು. ಒಂದು ಬಿಳಿ ಕಾರ್ಡಿನ ಮೇಲೆ ಹನಿ ಬಿಟ್ಟಳು. ಕಾದೆವು. ಒಂದು ಗೆರೆ ಬಂತು.

"ಒಂದು ಗೆರೆ ಅಂದ್ರೆ ನೆಗೆಟಿವ್, ಆಂಟಿ."

ಅಬ್ಬಾ ಅಂತ ಎದ್ದೆ. ಅವಳು ಕೂರಿಸಿದಳು.

"ಇದರಲ್ಲಿ ಕಾಣ್ಲಿಲ್ಲ ಅಷ್ಟೆ. ನಿಮಗೆ ಇಲ್ವೇ ಇಲ್ಲ ಅಂತ ಅಲ್ಲ."

"ಹಂಗಂದ್ರೆ?"

"ವೈರಸ್ ಜಾಸ್ತಿ ಇದ್ರೆ ಕಾರ್ಡಿಗೆ ಗೊತ್ತಾಗುತ್ತೆ. ಕಮ್ಮಿ ಇದ್ರೆ ತಪ್ಪಿಸ್ಕೊಳ್ಳುತ್ತೆ. ಆರ್‌ಟಿಪಿಸಿಆರ್ ಆದ್ರೆ ಚೂರು ಇದ್ರೂ ಹಿಡಿಯುತ್ತೆ. ಮಡಿಕೇರಿಗೆ ಕಳಿಸ್ಬೇಕು. ಮನೇಲಿ ಎಳೇ ಕೂಸಿದೆ ಅಂತೀರಿ... ಕಳಿಸ್ಲಾ?"

"ಕಳಿಸು. ಅಲ್ಲಿವರೆಗೂ ಏನ್ಮಾಡ್ಲಿ?"

"ಅಲ್ಲಿವರೆಗೂ ದೂರ ಇರಿ."

"ಮತ್ತೆ ಈ ಕಾರ್ಡ್ ಯಾಕೆ ಮಾಡಿದ್ದು?"

"ಬೇಗ ಗೊತ್ತಾಗ್ಲಿ ಅಂತ."

ಬೇಗ ಗೊತ್ತಾಗಿದ್ದು ಏನು? ಇನ್ನೂ ಗೊತ್ತಾಗಿಲ್ಲ ಅನ್ನುವುದು. ಅದಕ್ಕೆ ನನ್ನ ಮೂಗು ಯಾಕೆ ಬೇಕಿತ್ತು?

ಮನೆಗೆ ಬಂದು ಹೇಳಿದರೆ ಇವರು, "ಇಲ್ಲ ಅಂತ ಅವರೇ ಹೇಳಿದ್ರೂ ಇರ್ಲೇಬೇಕು ಅಂತ ಹಟ ಮಾಡ್ತೀಯಲ್ಲೇ" ಅಂದರು. ಮಾನಸ ಹೊಟ್ಟೆ ಕುಯ್ಯಿಸಿಕೊಂಡವಳು, ಬಗ್ಗುವ ಹಾಗಿಲ್ಲ. ಅಳಿಯ ತೇಜಸ್ ಸಿದ್ದಾಪುರದ ಕಡೆ ಎಸ್ಟೇಟಲ್ಲಿ ರೈಟರ್, ಆಳುಗಳ ಲೆಕ್ಕ ಬರೆಯುವ ಕೆಲಸ. ಕಾಫಿ ಪಿಕಿಂಗ್ ಜೋರು, ಭಾನುವಾರವೂ ಬಿಡುವುದಿಲ್ಲ. ಕೂಸಿಗೆ ನೀರು ಹಾಕುವವರು ಯಾರು?

ಡಿ. 19, ಮಂಗಳವಾರ

ಫೋನ್ ಮಾಡಿದೆ. ನಾನೇ ಮಾಡಿದೆ. ಮುತ್ತತ್ತಿಗೆಗೆ. ಇವರ ಅಕ್ಕ, ಕೊಣನೂರಲ್ಲಿದ್ದಾರೆ. ಇವರನ್ನೂ ಎತ್ತಿ ಆಡಿಸಿದವರು. ನಮ್ಮ ಕಡೆ ಹುಟ್ಟಿದ ಕೂಸುಗಳಿಗೆಲ್ಲ ಕಾಲ ಮೇಲೆ ಹಾಕಿಕೊಂಡು ನೀರು ಹಾಕಿದ್ದು ಅವರೇ.

"ಅತ್ತಿಗೆ, ಒಂದು ಹತ್ತು ದಿನ ಬಂದು ಹೋಗಿ."

"ಏನೇ ಸುಮಿತ್ರ, ನಿಂಗೇನು ಬಂತು?"

"ಬಂದೈತೋ ಇಲ್ವೋ ಗೊತ್ತಿಲ್ಲ."

"ಅದ್ಯಾವ್ ಕಾಯಿಲೆನೇ, ಬಂದೋಳಿಗೇ ಗೊತ್ತಾಗ್ದೆ ಇರೋದು!"

ಬರುತ್ತಾರಂತೆ. ಅರಕಲಗೂಡಲ್ಲಿ ಒಂದು ಬೀಗರ ಊಟ ಮುಗಿಸಿಕೊಂಡು. ಮನಸ್ಸು ಸ್ವಲ್ಪ ಹಗುರವಾಯಿತು. ಹಗುರವಾದರೂ ಭಯವೇ ನನಗೆ. ಏನೋ ಮರೆತಿದ್ದೇನೆ ಅನ್ನಿಸುತ್ತದೆ.

ಡಿ. 20, ಬುಧವಾರ

ರಿಪೋರ್ಟ್ ಬಂತು. ಫೋನಲ್ಲಿ, ಇಂಗ್ಲಿಷಿನಲ್ಲಿ. ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಡಿ... ಟೆ... ಮಾನಸ ಒಳಗಿಂದ, "ಡಿಟೆಕ್ಟೆಡ್ ಅಂದ್ರೆ ಇದೆ ಅಂತ, ಅಮ್ಮ. ನೀನು ಅಲ್ಲೇ ಇರು. ಅಲ್ಲೇ ಇರು!" ಅಂತ ಕಿರುಚಿದಳು. ನಾನು ಅಲ್ಲೇ ಇದ್ದೆ. ಎಲ್ಲಿಗೆ ಹೋಗಲಿ.

ಕಾರ್ಡು ಇಲ್ಲ ಅಂದಿತು, ಮೆಷಿನ್ನು ಇದೆ ಅಂದಿತು. ಮೂಗು ಒಂದೇ. ಹೊತ್ತೂ ಒಂದೇ.

ಶೋಭಿತಾಗೆ ಫೋನ್ ಮಾಡಿದೆ. "ಸಿಟಿ ವ್ಯಾಲ್ಯೂ ಮೂವತ್ತೈದು ಇದೆ, ಆಂಟಿ" ಅಂದಳು.

ಎಸ್ಸೆಸ್ಸೆಲ್ಸಿ ಎರಡು ಸಲ ಕೂತೆ. ಎರಡು ಸಲವೂ ವಿಜ್ಞಾನದಲ್ಲಿ ಮೂವತ್ತೈದು ಬರಲಿಲ್ಲ ಅಂತ ಮನೆಯಲ್ಲಿ ಉಳಿದವಳು ನಾನು. ಬರದೆ ಹೋದದ್ದು ಈಗ ಮೂಗಿನಿಂದ ಬಂತು.

"ಜಾಸ್ತಿ ಬಂದ್ರೆ ಜಾಸ್ತಿ ಐತೆ ಅಂತಲಾ?"

"ಉಲ್ಟಾ, ಆಂಟಿ. ನಂಬರ್ ಜಾಸ್ತಿ ಇದ್ರೆ ವೈರಸ್ ಕಮ್ಮಿ. ಮುಂಚೆ ಜ್ವರ ಬಂದಿತ್ತಾ?"

ಮದುವೆ, ಜ್ವರ ಎಲ್ಲ ಹೇಳಿದೆ.

"ಹಾಗಾದ್ರೆ ಅದೇ ಇರ್ಬೇಕು. ಹಳೇದು. ಸತ್ತು ಬಿದ್ದಿರೋ ಚೂರಿದ್ರೂ ಆ ಮೆಷಿನ್ ಹಿಡಿಯುತ್ತೆ. ನಿಮ್ಮಿಂದ ಹರಡೋದು ಅನುಮಾನವೇ."

"ಹಂಗಾದ್ರೆ ಕೂಸನ್ನ ಮುಟ್ಬಹುದಾ?"

"ಮುಟ್ಬೇಡಿ. ಒಂದು ವಾರ ಬೇರೆ ಇರಿ. ರೂಲ್ ಇದೆ."

ಇಲ್ಲ ಅಂದಾಗಲೂ ಮುಟ್ಟಬೇಡ. ಇದೆ ಅಂದಾಗಲೂ ಮುಟ್ಟಬೇಡ. ಇದ್ದರೂ ಇಲ್ಲದ ಹಾಗೆ ಅಂದಾಗಲೂ ಮುಟ್ಟಬೇಡ. ಮತ್ತೆ ಟೆಸ್ಟ್ ಮಾಡಿಸಿದ್ದು ಯಾಕೆ?

ಇವರು ಮಾತ್ರ ತಲೆದೂಗಿದರು. "ಅರ್ಥ ಆಯ್ತು ಬಿಡು. ಆ ಮೆಷಿನ್ನು ಲದ್ದಿ ನೋಡಿ ಆನೆ ಅನ್ನುತ್ತೆ. ಹೋದ ವಾರದ ಲದ್ದಿ ಆದ್ರೂ ಬಿಡಲ್ಲ. ಕಾರ್ಡು ಹಂಗಲ್ಲ, ಆನೆ ಬಂದು ಅಂಗಳದಲ್ಲಿ ನಿಂತ್ರೇನೇ ಅದಕ್ಕೆ ಕಾಣೋದು."

"ಅಂಗಳದಲ್ಲಿ ನಿಂತಮೇಲೆ ಯಾರಿಗೆ ಕಾಣಲ್ಲ?" ಅಂದೆ. ನಕ್ಕುಕೊಂಡು ಹೋದರು.

ನನ್ನ ಹಾಸಿಗೆ ಶುಂಠಿ ಕೋಣೆಗೆ ಬಂತು. ಹಿತ್ತಲಲ್ಲಿ, ಬಿತ್ತನೆ ಶುಂಠಿ ಇಡುವ ಕೋಣೆ. ಮಣ್ಣಿನ ವಾಸನೆ, ಮೂಟೆ, ಒಂದು ಕಿಟಕಿ. ಕಿಟಕಿಯಿಂದ ಹಂಡೆ ಒಲೆ ಕಾಣುತ್ತದೆ. ಅದೊಂದೇ ಸಮಾಧಾನ.

ಡಿ. 21, ಗುರುವಾರ

ಮಧ್ಯಾಹ್ನದ ಬಸ್ಸಿಗೆ ಅತ್ತಿಗೆ ಬಂದರು. ಚೀಲ ಕೆಳಗಿಡುವ ಮೊದಲೇ ಒಂದು ಸೀನು. ಇಟ್ಟಮೇಲೆ ಇನ್ನೊಂದು.

"ಅತ್ತಿಗೆ, ಶೀತವಾ?"

"ಶೀತ ಎಲ್ಲಿಂದ ಬಂತೇ. ರೋಡೆಲ್ಲ ಅಗೆದವ್ರೆ, ಬಸ್ಸಿನ ಧೂಳು."

"ಕೂಸಿನ ಹತ್ರ ಹೋಗ್ಬೇಡಿ. ಮೊದ್ಲು ಟೆಸ್ಟ್ ಮಾಡಿಸ್ಕೊಂಡು ಬನ್ನಿ."

ಅತ್ತಿಗೆ ಕಿಟಕಿ ಹತ್ತಿರ ಬಂದು ಸೊಂಟಕ್ಕೆ ಕೈ ಕೊಟ್ಟು ನಿಂತರು. "ಕಾಯಿಲೆ ಇರೋಳು ಒಳಗೆ ಕೂತ್ಕಂಡು ಗಟ್ಟಿ ಇರೋಳ್ನ ಆಸ್ಪತ್ರೆಗೆ ಹೋಗು ಅಂತಾಳೆ. ನೋಡೋ ಚೆನ್ನ, ನಿನ್ ಹೆಂಡ್ತಿನ."

ಇವರು ಯಾವಾಗಲೂ ಅಕ್ಕನ ಕಡೆಯೇ. ಆದರೂ ನಾಳೆ ಬೈಕಲ್ಲಿ ಕರೆದುಕೊಂಡು ಹೋಗುತ್ತೇನೆ ಅಂದಿದ್ದಾರೆ. ನಾನು ಊಟ ಬಿಡುತ್ತೇನೆ ಅಂದಮೇಲೆ.

ಡಿ. 22, ಶುಕ್ರವಾರ

ಅತ್ತಿಗೆಗೆ ಕಾರ್ಡಲ್ಲಿ ಒಂದೇ ಗೆರೆ. ಗೇಟಿನಿಂದಲೇ ಒಂದು ಬೆರಳು ಎತ್ತಿ ತೋರಿಸಿಕೊಂಡು ಬಂದರು, ಎಲೆಕ್ಷನ್‌ ಗೆದ್ದವರ ಹಾಗೆ.

ಮಡಿಕೇರಿಗೂ ಕಳಿಸೋಣ ಅಂದಳಂತೆ ಶೋಭಿತಾ. ಅತ್ತಿಗೆ ಒಪ್ಪಲಿಲ್ಲ. "ಒಂದು ಮೂಗಿಗೆ ಎಷ್ಟು ಸಲ ಕಡ್ಡಿ ಹಾಕ್ತೀಯವ್ವ, ಅದೇನು ಒಲೆನಾ?" ಅಂತ ಕೇಳಿ ಎದ್ದು ಬಂದರಂತೆ. ಅದನ್ನೇ ಹತ್ತು ಸಲ ಹೇಳಿ ಹತ್ತು ಸಲ ನಕ್ಕರು. ನಗುವಾಗ ಸೀನಿದರು.

ಮೊದಲ ಸಲ ನೀರು ಹಾಕಿದರು. ಕಿಟಕಿಗೆ ಮುಖ ಒತ್ತಿಕೊಂಡು ನೋಡಿದೆ. ಕೈ ಮಾತ್ರ ದೇವರಾಣೆಗೂ ಬಂಗಾರದಂಥ ಕೈ. ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿ, ಬಿಸಿನೀರನ್ನು ಅಂಗೈಯಿಂದ ಜಾರಿಸಿ ಜಾರಿಸಿ... ಕೂಸು ಕಣ್ಣು ಮುಚ್ಚಿಕೊಂಡಿತು. ನನಗೂ ಕಣ್ಣು ತುಂಬಿತು.

ಆಮೇಲೆ ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡರು. ಕೂಸಿನ ಮೂಗಿಗೆ ಬಾಯಿ ಇಟ್ಟು, ಉಫ್ ಅಂತ ಊದಿದರು.

ಅದೇ! ಅದೇ ನಾನು ಮರೆತಿದ್ದು. ನೀರು ಹಾಕಿದಮೇಲೆ ಮೂಗಿಗೆ ಊದುವುದು. ಒಳಗೆ ನೀರು ನಿಲ್ಲಬಾರದು, ಮೂಗು ನೆಟ್ಟಗೆ ಬರಬೇಕು ಅಂತ. ನನಗೂ ಊದಿದ್ದಾರೆ, ಮಾನಸಳಿಗೆ ನಾನೇ ಊದಿದ್ದೇನೆ. ಎಲ್ಲರೂ ಊದುತ್ತಾರೆ ಅಂತಲೇ ತಲೆಗೆ ಹೊಳೆಯಲಿಲ್ಲ.

"ಊದ್ಬೇಡಿ ಅತ್ತಿಗೆ! ಊದ್ಬೇಡಿ!"

"ಯಾಕೆ ಹಂಗೆ ಬಡ್ಕೊಂತೀಯ? ನಿನ್ ಗಂಡನ ಮೂಗಿಗೂ ನಾನೇ ಊದಿದ್ದು. ಎಷ್ಟುದ್ದ ಬಂದೈತೆ ನೋಡು."

ಇವರು ಮೂಗು ಸವರಿಕೊಂಡರು. ಮಾನಸ ನಕ್ಕಳು. ಎಲ್ಲರೂ ನಕ್ಕರು. ಅತ್ತಿಗೆ ಇನ್ನೊಂದು ಹೊಳ್ಳೆಗೂ ಊದಿದರು.

ಡಿ. 23, ಶನಿವಾರ

ಇವತ್ತೂ ಊದಿದರು. ನನಗೆ ಕೇಳಿಸಲಿ ಅಂತ ಜೋರಾಗಿ.

ಅತ್ತಿಗೆ ಧ್ವನಿ ದಪ್ಪ ಆಗಿದೆ. ಮೂಗು ಒರೆಸಿ ಒರೆಸಿ ಕೆಂಪಾಗಿದೆ. ಶೋಭಿತಾಗೆ ಫೋನ್ ಮಾಡಿದರೆ ಅವಳು, "ಶುರುವಿನಲ್ಲಿ ಕಾರ್ಡಿಗೆ ಸಿಗಲ್ಲ, ಆಂಟಿ. ಎರಡು ದಿನ ಬಿಟ್ಟು ಮತ್ತೆ ನೋಡ್ಬೇಕು. ಅಲ್ಲಿವರೆಗೂ ಕೂಸನ್ನ ಕೊಡ್ಬೇಡಿ" ಅಂದಳು. ಯಾರಿಗೆ ಹೇಳಲಿ? ಮಾನಸಳನ್ನು ಕರೆದು ಹೇಳಿದೆ. ಬಾಗಿಲಲ್ಲಿ ನಿಂತು ಕೇಳಿದಳು.

"ಅಮ್ಮ, ಪಾಸಿಟಿವ್ ಯಾರು?"

"ನಾನು."

"ನೆಗೆಟಿವ್ ಯಾರು?"

"ಅತ್ತಿಗೆ. ಆದ್ರೆ..."

"ಮತ್ತೆ ನೀನ್ಯಾಕೆ ಅತ್ತೆಗೆ ಹೇಳ್ತೀಯ? ಅವರು ನಿನಗೆ ಹೇಳ್ಬೇಕು."

ಸಂಜೆ ತೇಜಸ್ ಮೆಸೇಜ್ ಕಳಿಸಿದರು. "ಅತ್ತೆ, ತಪ್ಪು ತಿಳ್ಕೋಬೇಡಿ, ಸ್ನಾನ ಮಾಡಿಸುವಾಗ ದಯವಿಟ್ಟು ಕಿಟಕಿ ಮುಚ್ಚಿಕೊಳ್ಳಿ."

ಥೂ. ನನ್ನಲ್ಲಿರುವುದು ಹಳೇ ಲದ್ದಿ. ಆನೆ ಹಂಡೆ ಒಲೆ ಮುಂದೆ ಕೂತು ಕೂಸಿನ ಮೂಗಿಗೆ ಊದುತ್ತಿದೆ. ಕಿಟಕಿ ಮುಚ್ಚಬೇಕಾದವಳು ನಾನು!

ಒಂದು ವೇಳೆ ನನ್ನದೇ ತಪ್ಪಾಗಿದ್ದರೆ? ನನ್ನದು ಹಳೇದಲ್ಲದಿದ್ದರೆ? ಭಾನುವಾರ ಕೂಸು ಬಂದಾಗ ಒಂದು ಸಲ ಎತ್ತಿಕೊಂಡಿದ್ದೆ. ಕೆಮ್ಮು ನುಂಗಿದ್ದೆ. ಪೂರ್ತಿ ನುಂಗಿದ್ದೆನಾ? ತಲೆ ಕೆಟ್ಟು ಹೋಗುತ್ತಿದೆ.

ಡಿ. 24, ಭಾನುವಾರ. ಬೆಳಿಗ್ಗೆ

ಬಾಗಿಲು ತೆಗೆದು ಹೊಸ್ತಿಲ ಹೊರಗೆ ಒಂದು ಕಾಲು ಇಟ್ಟೆ.

"ಇವತ್ತು ಅತ್ತಿಗೆ ಮತ್ತೆ ಟೆಸ್ಟ್ ಮಾಡ್ಕೊಳ್ಳದೆ ಕೂಸನ್ನ ಮುಟ್ಟಿದ್ರೆ ಇನ್ನೊಂದು ಕಾಲೂ ಇಡ್ತೀನಿ. ಒಳಗೆ ಬಂದು ನಾನೇ ನೀರು ಹಾಕ್ತೀನಿ."

ಮನೆಯೆಲ್ಲ ನಡುಗಿತು. ನಾನು ಹುಟ್ಟಿದಾಗಿನಿಂದ ಯಾರನ್ನೂ ಹೆದರಿಸಿದವಳಲ್ಲ, ಬರೀ ಹೆದರಿದವಳು. ಇವರು ಶರ್ಟು ಹಾಕಿಕೊಳ್ಳುತ್ತಲೇ ಬೈಕ್ ಹತ್ತಿದರು, ಮೆಡಿಕಲ್ ಶಾಪಿನಿಂದ ಮನೆಯಲ್ಲೇ ಮಾಡಿಕೊಳ್ಳುವ ಕಾರ್ಡು ತಂದರು.

ಅಂಗಳದಲ್ಲಿ ಸ್ಟೂಲು. ಮಾನಸ ಮೊಬೈಲ್ ನೋಡಿಕೊಂಡು ದೂರದಿಂದ ಹೇಳುವುದು, ಅತ್ತಿಗೆ ತಾವೇ ಕಡ್ಡಿ ಹಾಕಿಕೊಳ್ಳುವುದು, ಬಯ್ಯುವುದು, ಸೀನುವುದು. ಹನಿ ಬಿಟ್ಟರು. ಕಾದೆವು.

"ಒಂದು ಗೆರೆ" ಅಂದರು ಅತ್ತಿಗೆ. "ಆಯ್ತಲ್ಲ?"

"ಕೆಳಗೆ ಏನೋ ಐತಲ್ಲ?" ಅಂದೆ ಕಿಟಕಿಯಿಂದ.

"ನಿಂಗೆ ಅಲ್ಲಿಂದ ಕಾಣ್ತದಾ?"

"ತಿರುಗಿಸಿ. ಬಿಸಿಲಿಗೆ ಹಿಡೀರಿ."

ಇವರು ಕನ್ನಡಕ ಹುಡುಕಿಕೊಂಡು ಬಂದು ನೋಡಿದರು. ಕನ್ನಡಕ ತೆಗೆದು ನೋಡಿದರು. "ಮಸುಕಾಗಿ ಏನೋ ಐತೆ. ಒಂದೂವರೆ ಗೆರೆ."

"ಒಂದೂವರೆ ಅಂತ ಎಲ್ಲೋ ಐತೆ? ಅದು ನೆರಳು" ಅಂದರು ಅತ್ತಿಗೆ.

ಮಾನಸ ಮೊಬೈಲ್ ಹಿಡಿದುಕೊಂಡೇ ಎದ್ದಳು. ಹತ್ತಿರ ಬಂದಳು, ನೋಡಿದಳು, ಅವಳ ಮುಖ ಬಿಳಿಚಿತು. "ಮಸುಕಾಗಿದ್ರೂ ಪಾಸಿಟಿವ್ವೇ ಅಂತ ಬರೆದಿದ್ದಾರೆ, ಅತ್ತೆ."

ಅತ್ತಿಗೆ ಕಾರ್ಡು ಕೆಳಗಿಟ್ಟರು. ಕೈ ನೋಡಿಕೊಂಡರು. ಆಮೇಲೆ ಬಾಯಿ ಮುಟ್ಟಿಕೊಂಡರು.

ಸಂಜೆ

ಅತ್ತಿಗೆಯ ಹಾಸಿಗೆಯೂ ಶುಂಠಿ ಕೋಣೆಗೇ ಬಂತು. "ಪಾಸಿಟಿವ್ ಇರೋರು ಒಂದೇ ಕಡೆ ಇದ್ರೆ ಒಳ್ಳೇದಲ್ವಾ" ಅಂದರು ಇವರು. ಏನು ಬುದ್ಧಿ! ಮೂಟೆಯ ಆ ಕಡೆ ಅವರು, ಈ ಕಡೆ ನಾನು. ಹೊಸ ಆನೆ, ಹಳೇ ಲದ್ದಿ.

ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಕೂತು ಯೋಚಿಸಿದೆ. ನನ್ನಿಂದ ಕೂಸಿಗೆ ಏನೂ ಆಗುತ್ತಿರಲಿಲ್ಲವೇನೋ. ನಾನು ಹೆದರಿ ಆಸ್ಪತ್ರೆಗೆ ಓಡದಿದ್ದರೆ, ನಾನೇ ನೀರು ಹಾಕಿಕೊಂಡು ಇರುತ್ತಿದ್ದೆ. ಅತ್ತಿಗೆಗೆ ಫೋನ್ ಮಾಡಿದವಳು ನಾನು. ಹೆದರಿ ಹೆದರಿ ಮನೆ ಒಳಗೆ ಕರೆಸಿಕೊಂಡೆ.

ಇದನ್ನು ಬಾಯಿಬಿಟ್ಟು ಯಾರಿಗೂ ಹೇಳುವ ಹಾಗಿಲ್ಲ.

ಡಿ. 26, ಮಂಗಳವಾರ. ಬೆಳಿಗ್ಗೆ

ಕೂಸಿನ ಮೂಗು ಕಟ್ಟಿದೆ. ಹಾಲು ಕಚ್ಚುತ್ತದೆ, ಬಿಡುತ್ತದೆ. ಅಳುವುದೂ ಇಲ್ಲ. ಮಾನಸ ಕಿಟಕಿಗೆ ಬಂದು "ಅಮ್ಮ" ಅಂದಳು, ಅಷ್ಟೇ. ವಾರವೂ ಇಲ್ಲ ರೂಲೂ ಇಲ್ಲ. ಮಾಸ್ಕ್ ಹಾಕಿಕೊಂಡೆ. ಆಟೋ ಬಂತು.

ಡಿ. 30, ಶನಿವಾರ

ಮನೆಗೆ ಬಂದೆವು. ಬರೆಯಲು ಕೈ ಬರುತ್ತಿಲ್ಲ.

ಕುಶಾಲನಗರದ ಆಸ್ಪತ್ರೆಯಲ್ಲೇ ಇದ್ದೆವು. ಕೂಸಿನ ಮೂಗಿಗೆ ಸಣ್ಣ ನಳಿಗೆ ಇಟ್ಟಿದ್ದರು. ಕೂಸಿನ ಮುಖಕ್ಕಿಂತ ಪ್ಲಾಸ್ಟರೇ ದೊಡ್ಡದು. ಉಸಿರು ಎಳೆದಾಗ ಪಕ್ಕೆ ಒಳಗೆ ಹೋಗುತ್ತಿತ್ತು. ನಾನು ಅದನ್ನೇ ನೋಡುತ್ತ ಕೂತಿದ್ದೆ. ಈಗ ಹೋಗುತ್ತಿಲ್ಲ. ಹಾಲು ಸ್ವಲ್ಪ ಸ್ವಲ್ಪ. ಅಳು ಅದೇ ಬೆಕ್ಕಿನ ಮರಿ.

ಕೂಸಿಗೂ ಟೆಸ್ಟ್. ಕಾರ್ಡು ನೆಗೆಟಿವ್. ಮಡಿಕೇರಿಗೂ ಕಳಿಸಿದರು. ರಿಪೋರ್ಟು ಇವತ್ತು ಹೊರಡುವಾಗ ಬಂತು. ಪಾಸಿಟಿವ್ವೂ ಅಲ್ಲವಂತೆ, ನೆಗೆಟಿವ್ವೂ ಅಲ್ಲವಂತೆ. "ಇನ್‌ಕನ್‌ಕ್ಲೂಸಿವ್" ಅಂತೆ. ಇನ್ನೊಂದು ಸಲ ಸ್ಯಾಂಪಲ್ ಕೊಡಬೇಕಂತೆ.

ನನಗೆ ತಡೆಯಲಾಗಲಿಲ್ಲ. "ಡಾಕ್ಟರಮ್ಮ, ಒಂದು ಇಲ್ಲ ಅನ್ನುತ್ತೆ, ಇನ್ನೊಂದು ಐತೆ ಅನ್ನುತ್ತೆ, ಈಗ ಇದು ಐತೋ ಇಲ್ವೋ ಅನ್ನುತ್ತೆ. ನಾನು ಯಾವುದನ್ನ ನಂಬ್ಲಿ?" ಅಂತ ಎಲ್ಲರೆದುರೂ ಕೂಗಿಬಿಟ್ಟೆ. ಆಮೇಲೆ ನಾಚಿಕೆ ಆಯಿತು.

ಅಲ್ಲಿನ ಡಾಕ್ಟರಮ್ಮ ಬೈಯಲಿಲ್ಲ. "ಟೆಸ್ಟ್ ಯಾವುದೂ ಸುಳ್ಳು ಹೇಳ್ಲಿಲ್ಲ, ಅಜ್ಜಿ. ಒಂದೊಂದಕ್ಕೆ ಒಂದೊಂದಷ್ಟೇ ಕಾಣೋದು. ಈಗ ರಿಪೋರ್ಟ್ ಬಿಡಿ, ಕೂಸನ್ನ ನೋಡಿ. ಹಾಲು ಕುಡಿಯುತ್ತಾ? ಉಸಿರು ಸಲೀಸಾಗಿದ್ಯಾ? ಅಳುತ್ತಾ?" ಅಂದರು. ಮೂಗಿಗೆ ಬಿಡಲು ಉಪ್ಪುನೀರಿನ ಹನಿ ಕೊಟ್ಟರು. ಯಾರೂ ಊದಬಾರದು ಅಂತ ಇವರನ್ನು ಕೂರಿಸಿಕೊಂಡು ಹೇಳಿದರು. ಇವರು ಮೂಗು ಮುಚ್ಚಿಕೊಂಡು ಹೂಂ ಅಂದರು.

ಆಟೋದಲ್ಲಿ ಮಾನಸ ಅಂದಳು. "ನಿನ್ನ ಮಾತು ಕೇಳ್ಬೇಕಿತ್ತು, ಅಮ್ಮ."

ಕೇಳುವುದೇನು... ಕರೆಸಿದವಳೇ ನಾನಲ್ಲವಾ. ಹೊಳೆ ಕಡೆ ನೋಡುತ್ತ ಕೂತೆ.

ಡಿ. 31, ಭಾನುವಾರ

ಅತ್ತಿಗೆ ಶುಂಠಿ ಕೋಣೆಯಲ್ಲೇ ಇದ್ದಾರೆ. ಜ್ವರ ಬಂದು ಬಿಟ್ಟಿದೆ. ನಾನು ಗಂಜಿ ಇಟ್ಟು ಬರುತ್ತೇನೆ. ನಿನ್ನೆ ತಟ್ಟೆ ತೆಗೆಯಲು ಹೋದಾಗ ಗೋಡೆ ಕಡೆ ಮುಖ ಮಾಡಿ ಕೂತಿದ್ದರು.

"ಈ ಬಾಯಲ್ಲೇ ಊದಿದ್ನಲ್ಲೇ ಸುಮಿತ್ರ."

ನಾನು ಕರೆದದ್ದಕ್ಕೆ ಬಂದಿರಿ ಅನ್ನಬೇಕು ಅಂತಿದ್ದೆ. "ಗಂಜಿ ಆರುತ್ತೆ, ಕುಡೀರಿ" ಅಂದೆ.

ಇವತ್ತಿಗೆ ಅವರ ವಾರ ಮುಗಿಯಿತು, ಹೊರಗೆ ಬರಬಹುದು ಅಂತ ಶೋಭಿತಾ ಹೇಳಿದ್ದಾಳೆ. ಬರುವುದಿಲ್ಲ ಅಂತಾರೆ! "ಆ ಮಡಿಕೇರಿ ಟೆಸ್ಟ್ ಮಾಡ್ಸಿ, ಇಲ್ಲ ಅಂತ ಬಂದ್ಮೇಲೇನೇ ನಾನು ಈ ಹೊಸ್ತಿಲು ದಾಟೋದು."

"ಅಕ್ಕ, ಅದರಲ್ಲಿ ಇಲ್ಲ ಅಂತ ಬರ್ಬೇಕಾದ್ರೆ ನೀನು ಯುಗಾದಿವರೆಗೂ ಇಲ್ಲೇ ಇರ್ಬೇಕು" ಅಂದರು ಇವರು.

"ಇರ್ತೀನಿ."

ಒಂದು ಕಡ್ಡಿ ಜಾಸ್ತಿ ಆಯಿತು ಅಂತ ಎದ್ದು ಬಂದವರು ಈಗ ಕಡ್ಡಿ ಹಾಕಿಸಿ ಹಾಕಿಸಿ ಅಂತ ಪ್ರಾಣ ತಿನ್ನುತ್ತಿದ್ದಾರೆ. ಈ ಅಕ್ಕ ತಮ್ಮ ಇಬ್ಬರನ್ನೂ ಕಟ್ಟಿಕೊಂಡು ನಾನು ಏಗಬೇಕು.

ಜನವರಿ 1, ಸೋಮವಾರ

ಕೂಸಿಗೆ ನಾನೇ ನೀರು ಹಾಕಿದೆ. ಮಾಸ್ಕ್ ಹಾಕಿಕೊಂಡು. ಕಿಟಕಿಯಲ್ಲಿ ಅತ್ತಿಗೆ. ನಾನು ಅಲ್ಲಿ ನಿಂತಿದ್ದ ಹಾಗೆಯೇ, ಕಂಬಿಗೆ ಮುಖ ಒತ್ತಿಕೊಂಡು.

"ಕತ್ತಿನ ಕೆಳಗೆ ಕೈ ಕೊಡು. ಹಾಂ. ನೀರು ಬಿಸಿ ನೋಡ್ದಾ? ಮೊಣಕೈ ಅದ್ದಿ ನೋಡು. ಬೇಗ ಒರೆಸೇ, ಗಾಳಿ ಐತೆ."

ಒರೆಸಿದೆ. ಸುತ್ತಿದೆ. ಎತ್ತಿಕೊಂಡೆ. ಮುಖದ ಹತ್ತಿರ ಆ ಪುಟ್ಟ ಮೂಗು. ತುದಿಯಲ್ಲಿ ಒಂದು ಹನಿ ನೀರು. ಬಾಯಿ ತಾನಾಗಿಯೇ ಮುಂದೆ ಹೋಯಿತು. ಸತ್ಯವಾಗಿ. ಮಾಸ್ಕ್ ಇರದಿದ್ದರೆ ಊದಿಯೇ ಬಿಡುತ್ತಿದ್ದೆ.

ತಲೆ ಎತ್ತಿದರೆ ಅತ್ತಿಗೆ ಸೆರಗಿನಿಂದ ತಮ್ಮ ಬಾಯಿ ಬಿಗಿಯಾಗಿ ಮುಚ್ಚಿಕೊಂಡಿದ್ದರು. ಬೇಡ ಅಂತ ತಲೆ ಆಡಿಸುತ್ತಿದ್ದರು.

ಉಪ್ಪುನೀರಿನ ಹನಿ ಬಿಟ್ಟೆ. ಹತ್ತಿಯಲ್ಲಿ ಒರೆಸಿದೆ.

ಜ. 3, ಬುಧವಾರ. ಬೆಳಿಗ್ಗೆ

ಹಂಡೆಗೆ ಉರಿ ಹಾಕಿ ಕೂತಿದ್ದೇನೆ. ಕೂಸು ಇನ್ನೂ ಎದ್ದಿಲ್ಲ. ದಿನಾ ಇಷ್ಟು ಹೊತ್ತಿಗೆ ಕಣ್ಣು ಬಿಟ್ಟಿರುತ್ತದೆ. ಮಾನಸಳೂ ಪಕ್ಕದಲ್ಲಿ ನಿದ್ದೆ. ಎರಡು ಸಲ ಹೋಗಿ ಉಸಿರು ನೋಡಿ ಬಂದೆ. ಆಡುತ್ತಿದೆ. ಮೂರನೇ ಸಲ ಹೋದರೆ ಮಾನಸ ಬೈಯುತ್ತಾಳೆ.

ಇಷ್ಟು ಹೊತ್ತು ಮಲಗುವುದು ಒಳ್ಳೆಯದಾ, ಕೆಟ್ಟದ್ದಾ? ಸುಸ್ತಿಗೆ ಮಲಗಿದೆಯಾ, ಹೊಟ್ಟೆ ತುಂಬಿ ಮಲಗಿದೆಯಾ? ಎಬ್ಬಿಸಿ ಹಾಲು ಕೊಡಿಸಲಾ? ಇದಕ್ಕೊಂದು ಕಾರ್ಡು ಇಲ್ಲ, ಮೆಷಿನ್ನೂ ಇಲ್ಲ.

ಈಗ ಶೋಭಿತಾ ಫೋನ್ ಮಾಡಿದ್ದಳು. "ಆಂಟಿ, ಕೂಸಿನ ಸ್ಯಾಂಪಲ್ ಮತ್ತೆ ಕೊಡ್ತೀರಾ? ಕಳಿಸೋರು ಹೊರಡ್ತಾರೆ." ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅನ್ನಲಿಲ್ಲ. ನೋಡಿ ಹೇಳುತ್ತೇನೆ ಅಂದೆ. ಅವಳು ನಕ್ಕಳು. "ನೀವೂ ಇನ್‌ಕನ್‌ಕ್ಲೂಸಿವ್ ಆದ್ರಾ?"

ಇವರು ಶುಂಠಿ ಕೀಳಿಸಲು ಹೋಗಿದ್ದಾರೆ. ನೀರು ಕುದಿಯುವ ಸದ್ದು ಬಿಟ್ಟರೆ ಏನೂ ಇಲ್ಲ. ಇನ್ನೊಂದು ಸಲ ಹೋಗಿ ನೋಡಿ ಬರಲಾ... ಬೈದರೆ ಬೈಯಲಿ. ಅಲ್ಲ —

ಎದ್ದಿತು. ಏನು ಅಳು ಇದು! ಪಕ್ಕದ ಮನೆ ನಾಯಿ ಬೊಗಳಲು ಶುರು ಮಾಡಿತು. ಮಾನಸ ಒಳಗೆ "ಇರು ಇರು, ಕೊಟ್ಟೆ, ಕೊಟ್ಟೆ ಕಣೆ" ಅನ್ನುತ್ತಿದ್ದಾಳೆ.

ಶುಂಠಿ ಕೋಣೆಯಿಂದ ಅತ್ತಿಗೆ ಕೂಗುತ್ತಿದ್ದಾರೆ. "ಸುಮಿತ್ರಾ! ಯಾರ ಮನೆ ಕೂಸೇ ಅದು, ಹಂಗೆ ಬಡ್ಕೊಂತಿರೋದು?"

ನಮ್ಮದು ಅತ್ತಿಗೆ, ನಮ್ಮದೇ, ಬಾಗಿಲು ತೆಗೆದು ಹೊರಗೆ ಬನ್ನಿ ಅಂತ ಹೇಳಿ ಬರುತ್ತೇನೆ.